ಕಾಯುವ ದಿನಗಳನ್ನು ಕೇಳಿಸಿಕೊಂಡದ್ದು

ಗಂಡಸರನ್ನು ಮಹಡಿಯ ಮೇಲೆ ಕೂರಿಸಿದೆವು, ಹೆಂಗಸರನ್ನು ಕೆಳಗೆ. ಅಷ್ಟು ಮಾಡುವುದಕ್ಕೇ ಫಾದರ್ ಜೊತೆ ಎರಡು ಸಲ ವಾದ ಮಾಡಬೇಕಾಯಿತು. ಇದು ಗಂಡ ಹೆಂಡತಿ ಇಬ್ಬರಿಗೂ ಸೇರಿದ ವಿಷಯ, ಒಟ್ಟಿಗೇ ಕೂರಿಸಿ ಕೇಳಿ ಎಂದು ಅವರು. ಒಟ್ಟಿಗೆ ಕೂರಿಸಿದರೆ ಗಂಡ ಮಾತಾಡುತ್ತಾನೆ, ಹೆಂಡತಿ ತಲೆಯಾಡಿಸುತ್ತಾಳೆ, ತಲೆಯಾಡಿಸಿದ್ದು ರೆಕಾರ್ಡರಿಗೆ ಕೇಳಿಸುವುದಿಲ್ಲ ಎಂದು ನಾನು. ಕೊನೆಗೆ ಫಾದರ್ ನಕ್ಕು, ನಿಮ್ಮ ಕೆಲಸ ನಿಮಗೆ ಗೊತ್ತು ಎಂದು ಬಿಟ್ಟುಕೊಟ್ಟರು.

ಜನರನ್ನು ಕೂರಿಸಿ ಮಾತಾಡಿಸುವುದು ನನ್ನ ಕಸುಬು. ಸೋಪು, ಚಹಾಪುಡಿ, ವಿಮೆ, ಏನನ್ನೇ ಮಾರುವ ಮೊದಲು ಕಂಪನಿಗಳಿಗೆ ಜನರ ಮನಸ್ಸು ಬೇಕಾಗುತ್ತದೆ. ನಾವು ಆರೆಂಟು ಜನರನ್ನು ಗುಂಡಗೆ ಕೂರಿಸಿ, ಮಾತಾಡಿಸಿ, ರೆಕಾರ್ಡ್ ಮಾಡಿ, ಬರೆದು, ಅದರ ಸಾರ ತೆಗೆದು ಕೊಡುತ್ತೇವೆ. ಈ ಸಲ ಕೆಲಸ ಕೊಟ್ಟವರು ಚೆನ್ನೈನ ಕ್ಯಾಥೊಲಿಕ್ ಚರ್ಚುಗಳಿಗೆ ಸೇರಿದ ಒಂದು ಕುಟುಂಬ ಸೇವಾ ಸಮಿತಿಯವರು. ವಿಷಯ, ನೈಸರ್ಗಿಕ ಕುಟುಂಬ ಯೋಜನೆ. ಮಾತ್ರೆಯಿಲ್ಲ, ಆಪರೇಷನ್ ಇಲ್ಲ, ಬೇರೆ ಸಾಧನವೂ ಇಲ್ಲ. ಹೆಂಗಸು ತನ್ನ ದೇಹದ ಗುರುತುಗಳನ್ನು ದಿನವೂ ಗಮನಿಸಿ ಗರ್ಭ ನಿಲ್ಲುವ ದಿನ ಯಾವುದೆಂದು ತಿಳಿದುಕೊಳ್ಳುತ್ತಾಳೆ. ಮಗು ಬೇಡವಾದರೆ ಆ ದಿನಗಳಲ್ಲಿ ಗಂಡಹೆಂಡತಿ ದೂರವಿರುತ್ತಾರೆ. ಅವನ್ನು ಅವರು ಕಾಯುವ ದಿನಗಳು ಎನ್ನುತ್ತಾರೆ. ಮದುವೆಯಾಗಲಿರುವ ಹುಡುಗ ಹುಡುಗಿಯರಿಗೆ ಇದರ ಬಗ್ಗೆ ಒಂದು ಕೈಪಿಡಿ ಬರೆಯಬೇಕು, ಅದಕ್ಕೆ ಮೊದಲು ಪಾಲಿಸುತ್ತಿರುವವರ ಅನುಭವ ಬೇಕು ಎಂದು ಫಾದರ್ ನಮ್ಮನ್ನು ಕರೆಸಿದ್ದರು. ನಮ್ಮ ಜನರ ಎದುರು ನಮ್ಮವರು ಬಾಯಿ ಬಿಡುವುದಿಲ್ಲ, ನೀವು ಹೊರಗಿನವರು, ಅದಕ್ಕೇ ಕರೆದೆ ಎಂದರು.

ನಾವು ಎಂದರೆ ನಾನು ಮತ್ತು ಸಾರ್. ಸಾರ್ ಬ್ಯಾಂಕಿನಿಂದ ನಿವೃತ್ತರಾಗಿ ಈ ಕೆಲಸಕ್ಕೆ ಬಂದವರು, ಮೂರು ತಲೆಮಾರಿನಿಂದ ಮದರಾಸಿನಲ್ಲೇ ನೆಲೆಸಿದ ವೈಷ್ಣವರ ಮನೆಯವರು. ನಮ್ಮಪ್ಪ ದಾವಣಗೆರೆ ಕಡೆಯಿಂದ ಬಟ್ಟೆ ವ್ಯಾಪಾರಕ್ಕೆ ಇಲ್ಲಿಗೆ ಬಂದವರು. ನಮ್ಮಿಬ್ಬರ ಕನ್ನಡ ಒಂದಕ್ಕೊಂದು ಸಂಬಂಧವಿಲ್ಲದ ಹಾಗಿದೆ. ಅವರದರಲ್ಲಿ ಅರ್ಧ ತಮಿಳು. ಆದರೂ ಹತ್ತಾರು ಜನರ ನಡುವೆ ನಮ್ಮ ಮಾತು ನಮಗೇ ಇರಲಿ ಎನ್ನಿಸಿದಾಗ ಅದೇ ಕನ್ನಡ ಕೆಲಸಕ್ಕೆ ಬರುತ್ತದೆ.

ನಿಯಮಗಳನ್ನು ಮೊದಲೇ ಹೇಳಿಬಿಡುತ್ತೇವೆ. ಹೆಸರು ಬೇಡ, ಬಣ್ಣದ ಚೀಟಿ ಸಿಕ್ಕಿಸಿಕೊಂಡರೆ ಸಾಕು. ಗಂಡಸರ ಗುಂಪನ್ನು ಸಾರ್ ನಡೆಸುತ್ತಾರೆ, ಹೆಂಗಸರದನ್ನು ನಾನು. ಎರಡೂ ಒಂದೇ ಹೊತ್ತಿಗೆ ಶುರು, ಒಂದೇ ಹೊತ್ತಿಗೆ ಮುಕ್ತಾಯ. ಒಂದು ಕೋಣೆಯ ಮಾತು ಇನ್ನೊಂದಕ್ಕೆ ಹೋಗುವುದಿಲ್ಲ. ಯಾರು ಬೇಕಾದರೂ ಆಮೇಲೆ ಬಂದು ತಮ್ಮ ಮಾತನ್ನು ವಾಪಸು ಪಡೆಯಬಹುದು. ಕೆಲಸ ಮುಗಿದ ಮೇಲೆ ನಾವಾಗಿ ಅವರನ್ನು ಹುಡುಕಿಕೊಂಡು ಹೋಗುವ ಹಾಗಿಲ್ಲ.

ಪೆರಂಬೂರಿನ ಚರ್ಚಿನ ಹಿಂದಿನ ಕಟ್ಟಡದಲ್ಲಿ ಮೊದಲ ಗುಂಪು ಪೂರ್ತಿ ಹಾಳಾಯಿತು. ಈ ಪದ್ಧತಿಯನ್ನು ಆ ಹೆಂಗಸರಿಗೆ ಕಲಿಸಿದ ಸಿಸ್ಟರ್, ನರ್ಸ್ ಆಗಿದ್ದ ಸನ್ಯಾಸಿನಿ, ಹಿಂದಿನ ಕುರ್ಚಿಯಲ್ಲಿ ಬಂದು ಕೂತರು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಒಬ್ಬೊಬ್ಬರೂ ಗಿಳಿಪಾಠ ಒಪ್ಪಿಸಿದರು. ಈ ಪದ್ಧತಿಯಿಂದ ಪ್ರೀತಿ ಹೆಚ್ಚುತ್ತದೆ, ಗೌರವ ಹೆಚ್ಚುತ್ತದೆ, ದೇವರ ಮೇಲೆ ಭಾರ ಹಾಕಬೇಕು. ಒಬ್ಬಳು ತಡವರಿಸಿದರೆ ಪಕ್ಕದವಳು ಮುಂದಿನ ಸಾಲು ಹೇಳಿಕೊಟ್ಟಳು. ಆ ರೆಕಾರ್ಡಿಂಗಿನಿಂದ ಒಂದು ಸಾಲೂ ಉಪಯೋಗಕ್ಕೆ ಬರಲಿಲ್ಲ.

ಮುಂದಿನ ಸಲ ನೀವು ಹೊರಗಿರಬೇಕು ಎಂದಾಗ ಸಿಸ್ಟರ್ ಮುಖ ಸಣ್ಣದಾಯಿತು. ಇಲ್ಲಿ ಎಲ್ಲರೂ ತಮಿಳಿನಲ್ಲೇ ಮಾತಾಡಿದ್ದು, ನಾನು ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ.

"ಇವರಿಗೆಲ್ಲಾ ಕೈಹಿಡಿದು ಕಲಿಸಿದೋಳು ನಾನು. ನನ್ನೆದುರು ಹೇಳಬಾರದ್ದು ಇವರ ಹತ್ರ ಏನಿರುತ್ತೆ?"

"ಕಲಿಸಿದೋರ ಎದುರು ಯಾರೂ ತಪ್ಪು ಉತ್ತರ ಹೇಳಲ್ಲ ಸಿಸ್ಟರ್" ಎಂದೆ. ಅವರು ಎದ್ದು ಹೋದರು. ಆಮೇಲೆ ಹಲವು ದಿನ ನನ್ನ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು.

ಎರಡನೆಯ ಗುಂಪಿನಲ್ಲಿ ಬೇರೆ ಹೆಂಗಸರು. ಬಾಗಿಲು ಹಾಕಿ, ಮಕ್ಕಳ ಧರ್ಮಪಾಠದ ಪುಟ್ಟ ಕುರ್ಚಿಗಳಲ್ಲಿ ಮಂಡಿ ಮಡಚಿಕೊಂಡು ಕೂತೆವು. ಪದ್ಧತಿ ಮನೆಯಲ್ಲಿ ಹೇಗೆ ನಡೆಯುತ್ತದೆ ಎಂದು ಕೇಳಿದೆ. ಯಾರೂ ದೇಹದ ಮಾತು ಎತ್ತಲಿಲ್ಲ. ಕೋಣೆಯ ಮಾತು ಎತ್ತಿದರು. ಇರುವುದು ಒಂದೇ ಕೋಣೆ, ಮಂಚದ ಮೇಲೆ ಅತ್ತೆ, ಕೆಳಗೆ ಚಾಪೆಯ ಮೇಲೆ ಇವರು. ಕಾಯುವ ದಿನ ಬಂತು ಎಂದು ಗಂಡನಿಗೆ ತಿಳಿಸುವುದು ಹೇಗೆ?

"ಬಾಯಿಬಿಟ್ಟು ಯಾರು ಹೇಳ್ತಾರೆ ಅಕ್ಕಾ? ಚಿಕ್ಕ ಮಗೂನ ನಡುವೆ ಮಲಗಿಸಿದ್ರೆ ಅವರಿಗೇ ಅರ್ಥ ಆಗುತ್ತೆ" ಎಂದಳು ಒಬ್ಬಳು.

"ಮಗು ದೊಡ್ಡದಾದ ಮೇಲೆ?"

"ಇನ್ನೊಂದು ಹೆರಬೇಕು!" ಎಂದು ಮೂಲೆಯಿಂದ ಉತ್ತರ ಬಂತು. ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ನಗುವಿನ ನಡುವೆ ಒಬ್ಬಳು ಮಾತ್ರ ನನ್ನನ್ನೇ ನೋಡುತ್ತಿದ್ದಳು. ಹಸಿರು ಚೀಟಿಯವಳು, ತೆಳ್ಳಗೆ, ಕೆನ್ನೆಯಲ್ಲಿ ಅಷ್ಟು ಕೆಂಪು ಏಕಿದೆ ಎನ್ನಿಸುವಂಥ ಮುಖ.

"ಅಕ್ಕಾ, ನೀವು ಕನ್ನಡದೋರಲ್ವಾ? ಆಚೆ ಫೋನಲ್ಲಿ ಮಾತಾಡ್ತಿದ್ರಿ" ಎಂದಳು, ಕನ್ನಡದಲ್ಲೇ. ಕೋಲಾರದ ಕಡೆಯವಳಂತೆ, ಚಿನ್ನದ ಗಣಿಯ ಊರಿನವಳು, ಮದುವೆಯಾಗಿ ಪೆರಂಬೂರಿಗೆ ಬಂದವಳು. ನಮ್ಮೂರಿನ ಭಾಷೆ ಸಿಕ್ಕಿತು, ಎರಡು ಮಾತು ಆಡಿಕೊಳ್ಳುತ್ತೇನೆ ಎಂದು ಉಳಿದವರಿಗೆ ತಮಿಳಿನಲ್ಲಿ ಹೇಳಿದಳು. ಅವರು ಮಾತಾಡಿಕೋ ಎಂದು ತಮ್ಮ ತಮ್ಮಲ್ಲೇ ಹರಟೆಗಿಳಿದರು. ಆ ಸದ್ದಿನ ಮರೆಯಲ್ಲಿ, ಊರಿನ ಸುದ್ದಿ ಹೇಳುವವಳ ಹಾಗೆ ಮುಖದಲ್ಲಿ ನಗು ಇಟ್ಟುಕೊಂಡೇ ಹೇಳತೊಡಗಿದಳು.

"ನನ್ ಹಾರ್ಟಲ್ಲಿ ಒಂದು ವಾಲ್ವ್ ಸರಿಯಿಲ್ಲ ಅಕ್ಕಾ. ಚಿಕ್ಕೋಳಿದ್ದಾಗ ಜ್ವರ ಬಂದು ಹಂಗಾಯ್ತಂತೆ. ಮಗಳು ಹುಟ್ಟಿದಾಗ ಡಾಕ್ಟ್ರು, ಇನ್ನೊಂದು ಹೆತ್ರೆ ನೀನು ಉಳಿಯಲ್ಲ, ಆಪರೇಷನ್ ಮಾಡಿಸ್ಕೋ ಅಂದ್ರು. ಬೇಡ ಅಂದಿದ್ದು ನಾನೇ. ನಮ್ಮೋರ ಬಲವಂತ ಅಲ್ಲ. ಚರ್ಚು ಆಪರೇಷನ್ ಒಪ್ಪಲ್ಲ, ನಾನು ನಂಬಿರೋಳು."

"ಮತ್ತೆ ಈ ಪದ್ಧತಿ ಸರಿಯಾಗಿ ನಡೀತಿದೆಯಾ?"

"ಸಿಸ್ಟರ್ ಹೇಳ್ಕೊಟ್ಟಂಗೆ ದಿನಾ ನೋಡ್ಕೊಂತೀನಿ. ಅವರಿಗೆ ಹೇಳೋದು ಮಾತ್ರ ಬೇರೆ. ಇವತ್ತು ಆಗಲ್ಲ ಅಂತೀನಿ. ನಾಳೇನೂ ಆಗಲ್ಲ ಅಂತೀನಿ. ತಿಂಗಳಲ್ಲಿ ಮುಕ್ಕಾಲು ಪಾಲು ಕಾಯೋದೇ ಅಂತೀನಿ. ಭಯ. ಬಸಿರಿಂದು ಮಾತ್ರ ಅಲ್ಲ. ಹತ್ರ ಬಂದ್ರೆ ನಂಗೆ ಉಸಿರೇ ಸಿಗಲ್ಲ ಅಕ್ಕಾ. ಸತ್ತೋಗ್ತೀನಿ ಅನ್ನಿಸ್ತದೆ."

"ಇದನ್ನ ಅವರಿಗೆ ಹೇಳಬಹುದಲ್ಲಾ?"

 "ಮದುವೆಯಾಗೋರಿಗೆ ಚರ್ಚಲ್ಲಿ ತರಗತಿ ಮಾಡ್ತಾರಲ್ಲ, ಅಲ್ಲಿ ತಮ್ಮ ಅನುಭವದ ಸಾಕ್ಷಿ ಹೇಳೋರು ನಮ್ಮೋರೇ ಅಕ್ಕಾ. ಈ ಪದ್ಧತಿ ನಂಬಿ ನನ್ ಹೆಂಡ್ತಿ ಜೀವ ಉಳಿಸ್ಕೊಂಡೆ ಅಂತ ಸ್ಟೇಜ್ ಮೇಲೆ ಹೇಳ್ತಾರೆ. ಜನ ಅಳ್ತಾರೆ. ಮೊದ್ಲು ದಿನಾ ಕುಡಿಯೋರು. ಸಾಕ್ಷಿ ಹೇಳೋನ ಬಾಯಲ್ಲಿ ವಾಸನೆ ಬರಬಾರ್ದು ಅಂತ ಬಿಟ್ಟವರು ಇವತ್ತಿನವರೆಗೂ ಮುಟ್ಟಿಲ್ಲ. ಪದ್ಧತಿ ಅಲ್ಲ, ನಾನು ಸುಳ್ಳು ಹೇಳಿ ಉಳ್ಕೊಂಡೆ ಅಂತ ಗೊತ್ತಾದ್ರೆ ಮತ್ತೆ ಸ್ಟೇಜ್ ಹತ್ತಲ್ಲ. ಬಾಟ್ಲಿ ಹಿಡೀತಾರೆ. ಕುಡಿದ ಗಂಡಸು ಕಾಯ್ತಾನಾ?"

 ನನ್ನ ಪ್ರಶ್ನೆಗಳ ಹಾಳೆಯಲ್ಲಿ ಇದಕ್ಕೆ ಮುಂದಿನ ಪ್ರಶ್ನೆ ಇರಲಿಲ್ಲ. ಅವಳು ತಮಿಳಿಗೆ ತಿರುಗಿ, ಊರಲ್ಲಿ ನೀರಿಲ್ಲವಂತೆ ಎಂದು ಪಕ್ಕದವಳಿಗೆ ಏನೋ ಹೇಳಿ ಮಾತು ಮುಚ್ಚಿದಳು.

ಸಂಜೆ ರೈಲ್ವೆ ಕ್ವಾರ್ಟರ್ಸ್ ಎದುರಿನ ಚಹಾ ಅಂಗಡಿಯಲ್ಲಿ ಸಾರ್ ಮತ್ತು ನಾನು ಟಿಪ್ಪಣಿ ಹೋಲಿಸಿಕೊಂಡೆವು.

"ಒಬ್ಬೊಬ್ಬನೂ ಒಂದೊಂದು ಲೆಕ್ಚರ್ ಕೊಟ್ಟ ಕಣಮ್ಮಾ. ಕಂಟ್ರೋಲು, ಬ್ರೇಕು, ಸಿಗ್ನಲ್ಲು. ಎಲ್ಲಾ ರೈಲ್ವೆ ವರ್ಕ್‌ಶಾಪ್ ಜನ ಅಲ್ವಾ, ಬೇರೆ ಏನು ಹೇಳ್ತಾರೆ! ಆದ್ರೆ ಒಬ್ಬ ಇದ್ದ, ಸಾಕ್ಷಿ ಹೇಳೋನು. ರೊಂಬ ಒಳ್ಳೆ ಮನುಷ್ಯ. ಕಾಯೋದು ನಮ್ಮ ಶಿಲುಬೆ, ನಾವಿಬ್ರೂ ಸೇರಿ ಹೊರ್ತೀವಿ ಅಂದ. ಕೇಳ್ತಿದ್ರೆ ನಂಗೇ ಕಣ್ಣಲ್ಲಿ ನೀರು ಬಂತು."

"ಮತ್ತೇನಂದ ಸಾರ್?"

"ಹೆಂಡ್ತಿ ದಿನಗಳು ಸರಿಯಿಲ್ಲವಂತೆ, ಕಾಯೋದು ರೊಂಬ ಉದ್ದ ಆಗುತ್ತಂತೆ. ಕರೆಕ್ಟಾಗಿ ತೋರ್ಸೋ ಮೆಷಿನ್ ಏನಾದ್ರೂ ಬಂದಿದೆಯಾ ಅಂತ ಕೇಳ್ದ. ಉಳಿದವರೂ ಹೌದು ಹೌದು ಅಂದ್ರು."

 ಮೇಲಿನ ಕೋಣೆಯ ಮಾತನ್ನು ಕೆಳಗಿನ ಕೋಣೆಗೆ ಒಯ್ಯಬಾರದು ಎಂಬ ನಿಯಮ ಮಾಡಿದವರು ನಾವೇ. ಎರಡೂ ಕೋಣೆಯ ಮಾತು ಬಂದು ಸೇರುವ ಜಾಗವೂ ನಾವೇ ಎಂದು ಆವರೆಗೆ ಯೋಚಿಸಿರಲಿಲ್ಲ.

ಆಮೇಲೆ ಮಣಲಿ, ಕ್ರೋಂಪೇಟೆಯ ಚರ್ಚುಗಳು. ಮಣಲಿಯಲ್ಲಿ ಕಾರ್ಖಾನೆಗಳ ಶಿಫ್ಟ್ ಕೆಲಸದವರು. ಒಂದು ಸಲ ಗಂಡಸರು ಮೂವರೇ ಬಂದರು, ಗುಂಪು ರದ್ದಾಯಿತು. ಇನ್ನೊಂದು ಸಲ ಕರೆಂಟು ಹೋಗಿ ಬೆವರಿನಲ್ಲಿ ತೊಯ್ದು ಕೂತೆವು. ಅಲ್ಲಿಯ ಗಂಡಸರು ರಾತ್ರಿ ಪಾಳಿಯಿಂದ ಸಂಸಾರ ಹಾಳಾಗುತ್ತಿದೆ ಎಂದು ಗೊಣಗಿದರೆ, ಕೆಳಗಿನ ಕೋಣೆಯಲ್ಲಿ ಅವರ ಹೆಂಡಂದಿರು ರಾತ್ರಿ ಪಾಳಿಯ ವಾರ ನಾವೇನೂ ಹೇಳಬೇಕಾಗಿಲ್ಲ ಎಂದು ನೆಮ್ಮದಿಪಟ್ಟರು. ಕ್ರೋಂಪೇಟೆಯಲ್ಲಿ ಒಬ್ಬ ಅಧ್ಯಾಪಕಿ ಸಿಕ್ಕಳು. ಹುಡುಗಿಯಾಗಿದ್ದಾಗಿನಿಂದ ಬಿಳಿ ಹೋಗುವುದನ್ನು ರೋಗವೆಂದು ಹೆದರಿಕೊಂಡಿದ್ದೆ, ಈ ಪದ್ಧತಿ ಕಲಿತ ಮೇಲೆ ಅದೇ ಆರೋಗ್ಯದ ಗುರುತು ಎಂದು ಗೊತ್ತಾಯಿತು, ನಾನು ಬೇಡ ಎಂದರೆ ನನ್ನ ಗಂಡ ಸರಿ ಎಂದು ಪಾತ್ರೆ ತೊಳೆಯಲು ಹೋಗುತ್ತಾನೆ ಎಂದಳು. ಅವಳ ಮಾತು ಕೇಳಿ ನಿಜಕ್ಕೂ ಸಂತೋಷವಾಯಿತು. ಪದ್ಧತಿಯದೇನೂ ತಪ್ಪಿಲ್ಲ ಎನ್ನಿಸಿತು. ಆದರೆ ಅವಳಿಗೆ ಬೇಡ ಎನ್ನುವುದಕ್ಕೆ ಪದ್ಧತಿಯ ನೆವ ಬೇಕಿರಲಿಲ್ಲ. ಉಳಿದವರಿಗೆ ಬೇಕಿತ್ತು. ಎಲ್ಲ ಕಡೆಯೂ ಒಬ್ಬಿಬ್ಬರು, ಹಿಂದೆ ಮುಂದೆ ನಾಲ್ಕು ದಿನ ಸೇರಿಸಿ ಹೇಳುತ್ತೇವೆ ಅಕ್ಕಾ, ನಮಗೂ ರಜೆ ಬೇಡವೇ ಎಂದು ಕಣ್ಣು ಮಿಟುಕಿಸಿದರು.

ರೆಕಾರ್ಡಿಂಗುಗಳನ್ನು ಮತ್ತೆ ಮತ್ತೆ ಕೇಳುತ್ತಾ ಹೋದ ಹಾಗೆ ವ್ಯತ್ಯಾಸ ನಿಚ್ಚಳವಾಯಿತು. ಗಂಡಸರು ತಾವು ಬಿಟ್ಟುಕೊಟ್ಟದ್ದನ್ನು ಹೇಳಿದರು, ಹೆಂಗಸರು ತಾವು ಹೆದರಿದ್ದನ್ನು. ಗಂಡಸರು ನೇರವಾಗಿ ತಮ್ಮ ಕತೆಯನ್ನೇ ಹೇಳಿದರು, ಹೆಂಗಸರು ನಮ್ಮ ಬೀದಿಯಲ್ಲಿ ಒಬ್ಬಳಿದ್ದಾಳೆ ಎಂದು ಶುರು ಮಾಡಿದರು. ಒಂದೇ ದಿನಗಳ ಬಗ್ಗೆ ಮೇಲೆ ನಾವು ಕಾದೆವು ಎಂದರೆ, ಕೆಳಗೆ ಅವರು ನನ್ನನ್ನು ನನ್ನ ಪಾಡಿಗೆ ಬಿಟ್ಟರು ಎಂದು ಕೇಳಿಸುತ್ತಿತ್ತು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

ಬೆರಳಚ್ಚು ಮಾಡಿಕೊಡುವವನಿಗೆ ಕನ್ನಡ ಬಾರದು. ಕೋಲಾರದವಳು ಮಾತಾಡಿದ ಕಡೆ ‘ಬೇರೆ ಭಾಷೆ’ ಎಂದು ಹಾಕಿ ಜಾಗ ಖಾಲಿ ಬಿಟ್ಟಿದ್ದ. ಅದನ್ನು ತುಂಬುವ ಕೆಲಸ ನನ್ನದು. ಸಾರ್ ಅದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ತೆಗೆದಾಗ ಮುಖ ಬಾಡಿತ್ತು.

"ಇದೇ ನಮ್ಮ ಮುಖ್ಯ ಫೈಂಡಿಂಗ್ ಕಣಮ್ಮಾ. ಹೆಂಗಸರು ಕಾಯೋ ದಿನಾನ ಇಳುಕ್ತಾರೆ, ಉದ್ದಕ್ಕೆ ಎಳೀತಾರೆ. ಯಾಕೆ ಇಳುಕ್ತಾರೆ. ಇದಿಲ್ದೆ ರಿಪೋರ್ಟೇ ಇಲ್ಲ."

"ಬರೆದರೆ ಓದೋರು ಯಾರು ಸಾರ್? ಕೈಪಿಡಿ ಸಮಿತೀಲಿ ಅವಳ ಗಂಡಾನೇ ಇದಾನೆ. ಹೆಸರಿಲ್ಲ ಸರಿ. ಹೃದಯದ ಕಾಯಿಲೆ ಅಂತ ಒಂದು ಮಾತು ಕಂಡರೆ ಸಾಕು."

"ಕಾಯಿಲೆ ವಿಷಯ ಬೇಡ. ಪೊದುವಾ, ಜನರಲ್ ಆಗಿ, ಕೆಲವರು ಹಾಗೆ ಮಾಡ್ತಾರೆ ಅಂತ ಬರಿ."

"ಕೆಲವರು ಅಂದರೆ ಎಲ್ಲ ಗಂಡಸರೂ ಮನೇಗೆ ಹೋಗಿ, ನೀನೂನಾ ಅಂತ ಕೇಳ್ತಾರೆ. ಇವರ ಕೈಯಲ್ಲಿರೋದು ಅದೊಂದೇ ನೆವ. ಅದನ್ನ ನಾವೇ ಕಿತ್ಕೊಳ್ಳೋಣವಾ?"

ಸಾರ್ ಬಹಳ ಹೊತ್ತು ಕನ್ನಡಕ ಒರೆಸಿದರು. ಕೊನೆಗೆ, ನಿನ್ನ ಕೋಣೆ, ನಿನ್ನ ತೀರ್ಮಾನ ಎಂದರು. ನಾನು ಆ ಭಾಗವನ್ನು ಬಿಟ್ಟೆ. ಕನ್ನಡದ ತುಣುಕಿನ ಜಾಗದಲ್ಲಿ ಊರಿನ ವಿಚಾರ ಎಂದು ಬರೆದೆ. ದಿನ ಹೆಚ್ಚಿಸಿ ಹೇಳುವ ಮಾತು ಎಲ್ಲೆಲ್ಲಿ ಬಂದಿತ್ತೋ ಅಲ್ಲೆಲ್ಲ ತೆಗೆದೆ. ಗಂಡಸರ ಭಾಗವನ್ನು ಸಾರ್ ಪ್ರಾಮಾಣಿಕವಾಗಿ ಬರೆದಿದ್ದರು. ಕಾಯುವ ದಿನಗಳು ಬಹಳ ಉದ್ದವೆಂದು ಗಂಡಸರಿಗೆ ಅನ್ನಿಸುತ್ತದೆ, ನಿಖರವಾಗಿ ತಿಳಿಸುವ ಪರೀಕ್ಷೆಯನ್ನು ಬಯಸುತ್ತಾರೆ ಎಂದು. ಅದು ಹಾಗೆಯೇ ಉಳಿಯಿತು. ಅದರ ಪಕ್ಕದಲ್ಲಿ ಹೆಂಗಸರ ಮಾತು ಇರಬೇಕಾದ ಜಾಗ ಖಾಲಿಯಾದರೆ ಏನಾಗುತ್ತದೆ ಎಂದು ಸಮಿತಿಯ ಮುಂದೆ ಕೂತಾಗಲೇ ನನಗೆ ಹೊಳೆದದ್ದು.

ಸಭೆಯಲ್ಲಿ ಫಾದರ್, ಸಿಸ್ಟರ್, ಮೂರು ನಾಲ್ಕು ಹಿರಿಯರು, ಸಾಕ್ಷಿ ಹೇಳುವವನು. ಅವನನ್ನು ಹತ್ತಿರದಿಂದ ನೋಡಿದ್ದು ಅವತ್ತೇ. ಇಸ್ತ್ರಿ ಮಾಡಿದ ಶರಟು, ಮೆತ್ತಗಿನ ಮಾತು, ನನಗೆ ಕುರ್ಚಿ ಎಳೆದುಕೊಟ್ಟವನೂ ಅವನೇ. ವರದಿ ಓದಿ ಸಿಸ್ಟರ್ ಉತ್ಸಾಹದಿಂದ ಒಂದು ಡಬ್ಬಿ ತೆಗೆದರು. ಮೂತ್ರದಲ್ಲಿ ಅದ್ದಿ ನೋಡುವ ಪಟ್ಟಿಗಳು. ಗರ್ಭ ನಿಲ್ಲುವ ದಿನ ಹತ್ತಿರವಾದರೆ ಎರಡು ಗೆರೆ ಗಾಢವಾಗಿ ಮೂಡುತ್ತವೆ. ಔಷಧದ ಅಂಗಡಿಯಲ್ಲಿ ಸಿಗುತ್ತದೆ, ದೇಹದೊಳಗೆ ಏನೂ ಹೋಗುವುದಿಲ್ಲ, ಹಾಗಾಗಿ ಚರ್ಚಿನ ಆಕ್ಷೇಪವೂ ಇಲ್ಲ.

"ನಿಮ್ಮ ವರದಿಯಲ್ಲೇ ಇದೆಯಲ್ಲ, ಕಾಯೋದು ಉದ್ದ ಆಗುತ್ತೆ ಅಂತ. ಇದಿದ್ರೆ ಎಷ್ಟು ದಿನ ಬೇಕೋ ಅಷ್ಟೇ ಕಾಯಬಹುದು. ಮೊದಲು ಒಂದು ಜೋಡಿ ಮಾಡಿ ನೋಡಿ, ಆಮೇಲೆ ತರಗತಿಯಲ್ಲಿ ಹೇಳಲಿ" ಎಂದರು.

"ನಾವು ಮಾಡ್ತೀವಿ ಸಿಸ್ಟರ್" ಎಂದ ಅವನು.

ಅವಳು ಆ ಕೋಣೆಯಲ್ಲಿ ಇರಲಿಲ್ಲ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಹೆಂಗಸು ಬೇಡ ಎಂದರೆ ಕಾರಣ ಕೇಳಬಾರದು ಎಂದು ಕೈಪಿಡಿಯಲ್ಲಿ ಬರೆಯಿರಿ ಎಂದೆ.

"ಒಳ್ಳೆಯ ಮಾತು. ಆದರೆ ವರದಿಯಲ್ಲಿ ಇದು ಎಲ್ಲಿದೆ?" ಎಂದು ಫಾದರ್ ಪುಟ ತಿರುವಿ ನೋಡಿದರು. ಎಲ್ಲಿಯೂ ಇರಲಿಲ್ಲ.

"ಪಟ್ಟಿ ಒಂದು ಹೇಳಿ, ಅವಳು ಇನ್ನೊಂದು ಹೇಳಿದರೆ?" ಎಂದೆ.

ಅವನು ಮುಗುಳ್ನಕ್ಕ. "ಯಾಕೆ ಬೇರೆ ಹೇಳ್ತಾಳೆ ಮೇಡಂ?"

ಡಬ್ಬಿಯನ್ನು ಅವನ ಕೈಗೆ ಕೊಟ್ಟರು. ಅವಳ ತಿಂಗಳ ಲೆಕ್ಕದ ಪ್ರಕಾರ ಮುಂದಿನ ವಾರದಿಂದ ಶುರು ಮಾಡಬೇಕು ಎಂದು ಸಿಸ್ಟರ್ ಹೇಳಿಕೊಟ್ಟರು. ಸಾರ್ ನನ್ನ ಕಡೆ ನೋಡಲಿಲ್ಲ.

ಎರಡು ದಿನ ನುಂಗಲೂ ಆಗದೆ ಉಗುಳಲೂ ಆಗದೆ ಒದ್ದಾಡಿದೆ. ಸಿಸ್ಟರಿಗೆ ಹೇಳೋಣವೆಂದರೆ ಅದು ಅವಳ ಗುಟ್ಟು. ಸುಮ್ಮನಿದ್ದರೆ ಅವಳಿಗೆ ವಿಷಯ ತಿಳಿಯುವುದು ಪಟ್ಟಿ ಅವಳ ಕೈಗೆ ಬಂದ ದಿನ. ಮೂರನೆಯ ದಿನ ನಿಯಮವನ್ನು ಪಕ್ಕಕ್ಕಿಟ್ಟು ಹೊರಟೆ. ಮಗಳನ್ನು ಯಾವ ಶಾಲೆಯಿಂದ ಕರೆದುಕೊಂಡು ಹೋಗುತ್ತಾಳೆಂದು ಮಾತಿನ ನಡುವೆ ಹೇಳಿದ್ದಳು. ಗೇಟಿನ ಹತ್ತಿರ ನಿಂತೆ. ಅವಳು ನಿಧಾನವಾಗಿ, ಎರಡು ಕಡೆ ನಿಂತು ಸುಧಾರಿಸಿಕೊಂಡು ಬಂದಳು. ನನ್ನನ್ನು ನೋಡಿ ಮುಖದ ಬಣ್ಣ ಇಳಿಯಿತು.

"ಬರೆದ್ಬಿಟ್ರಾ ಅಕ್ಕಾ?"

"ಬರೆದಿಲ್ಲ. ಬೇರೆ ವಿಷಯ" ಎಂದು ಪಟ್ಟಿಯ ಸಂಗತಿ ಹೇಳಿದೆ. ಅದು ಹೇಗೆ ಕೆಲಸ ಮಾಡುತ್ತದೆ, ಗೆರೆ ಹೇಗೆ ಮೂಡುತ್ತದೆ, ಎಲ್ಲವನ್ನೂ. ಅವಳು ಗೋಡೆಗೆ ಒರಗಿ ಕೇಳಿಸಿಕೊಂಡಳು.

"ಅದು ಸುಳ್ಳು ಹೇಳಲ್ವಾ?"

"ಸಾಮಾನ್ಯವಾಗಿ ಇಲ್ಲ."

"ಹಂಗಾದ್ರೆ ನನ್ ಕತೆ ಮುಗೀತು."

ಹೃದಯದ ಡಾಕ್ಟರ ಹತ್ತಿರ ಇಬ್ಬರೂ ಹೋಗಿ, ಉಸಿರಿನ ವಿಷಯವನ್ನು ಡಾಕ್ಟರ ಬಾಯಿಂದಲೇ ಅವರಿಗೆ ಹೇಳಿಸು ಎಂದೆ. ಬೇಕಾದರೆ ನಾನೂ ಜೊತೆಗೆ ಬರುತ್ತೇನೆ ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು.

"ಡಾಕ್ಟ್ರು ಹೇಳಿದ್ರೆ ಅದು ಕಾಯಿಲೆ ಮಾತಾಗುತ್ತೆ. ಇಷ್ಟು ವರ್ಷ ಸುಳ್ಳು ಹೇಳಿದ್ದು ಕಾಯಿಲೆ ಅಲ್ಲ ಅಕ್ಕಾ, ನಾನು. ಯಾರೋ ಕಂಡುಹಿಡಿಯೋಕೆ ಮುಂಚೆ ನಾನೇ ಹೇಳ್ತೀನಿ." ಅಷ್ಟರಲ್ಲಿ ಗಂಟೆ ಹೊಡೆದು ಮಕ್ಕಳು ಹೊರಗೆ ನುಗ್ಗಿದರು. ಅವಳು ಮಗಳ ಬ್ಯಾಗು ತೆಗೆದುಕೊಳ್ಳಲು ಬಗ್ಗಿದಳು, ನಾನೇ ಎತ್ತಿ ಮಗುವಿನ ಬೆನ್ನಿಗೆ ಹಾಕಿದೆ.

ನಿಯಮ ಮುರಿದೆ ಎಂದು ಸಾರ್‌ಗೆ ಹೇಳಿದಾಗ ಅವರು ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ನಂಗೆ ಕಿವಿ ಸರಿಯಾ ಕೇಳಿಸಲ್ಲಮ್ಮಾ ಇವತ್ತು" ಎಂದರು.

ಸುಮಾರು ಹತ್ತು ದಿನ ಕಳೆದ ಮೇಲೆ ಅವನು ನಮ್ಮ ಆಫೀಸಿಗೆ ಬಂದ. ಮಧ್ಯಾಹ್ನ. ವರ್ಕ್‌ಶಾಪಿನ ಬಟ್ಟೆಯಲ್ಲೇ ಇದ್ದ. ಗಡ್ಡ ಬೆಳೆದಿತ್ತು. ನಮಸ್ಕಾರ ಹೇಳುವಾಗ ಬಾಯಿಗೆ ಕೈ ಅಡ್ಡ ಹಿಡಿದ. ಆದರೂ ವಾಸನೆ ಮುಚ್ಚಲಿಲ್ಲ.

"ಹೇಳಿದ್ದನ್ನ ವಾಪಸ್ ತಗೋಬಹುದು ಅಂದಿದ್ರಿ. ನಂದು ಅಳಿಸಿಬಿಡಿ."

ಅಳಿಸುತ್ತೇವೆ ಎಂದರು ಸಾರ್. ಅದಕ್ಕೆ ಮೊದಲು ಒಮ್ಮೆ ಕೇಳಬೇಕು ಎಂದ. ಅದೂ ಅವನ ಹಕ್ಕೇ. ಹೆಡ್‌ಫೋನ್ ಕೊಡಲು ಹೋದರೆ ಬೇಡವೆಂದ. ಸಾರ್ ಅವನ ಮಾತಿರುವ ಜಾಗ ಹುಡುಕಿ ಹಾಕಿದರು. ಅದೇ ಮೆತ್ತಗಿನ ದನಿ ಕೋಣೆ ತುಂಬಿತು. ಸುಲಭ ಅಂತ ನಾನು ಹೇಳಲ್ಲ. ಆದರೆ ನಾವಿಬ್ಬರೂ ಸೇರಿ ಕಾದೆವು. ನನ್ನ ಹೆಂಡತಿ ಇವತ್ತು ಬದುಕಿದ್ದಾಳೆ ಅಂದರೆ ಅದಕ್ಕೇ. ಅವನು ನೆಲ ನೋಡುತ್ತಾ ಕೇಳಿದ.

"ನಾನು ಮೇಲೆ ಇದನ್ನ ಹೇಳ್ತಿರೋವಾಗ ಅವಳು ಕೆಳಗೆ ನಿಮ್ಮ ಹತ್ರ ಏನು ಹೇಳ್ತಿದ್ಲು ಮೇಡಂ?"

"ಅದನ್ನ ಹೇಳೋ ಹಾಗಿಲ್ಲ."

"ಪರವಾಗಿಲ್ಲ, ಅವಳೇ ಹೇಳಿದ್ಲು. ನಿಮಗೆ ಹೇಳೋಕೆ ಒಂದೇ ದಿನ ಸಾಕಾಯ್ತು ಅವಳಿಗೆ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. "ಅವಳು ಆಗಲ್ಲ ಅಂದ ಒಂದು ದಿನಾನೂ ನಾನು ಹತ್ರ ಹೋಗಿಲ್ಲ. ಒಂದು ದಿನಾನೂ. ಉಸಿರು ಸಿಗಲ್ಲ ಅಂತ ಹೇಳಿದ್ರೆ ಪೂರ್ತಿಯಾಗೇ ಬಿಟ್ಟುಬಿಡ್ತಿದ್ದೆ. ಹೇಳೋಕಾಗದಷ್ಟು ಕೆಟ್ಟವನಾಗಿದ್ನಾ ನಾನು?"

 ಕೆಟ್ಟವನಲ್ಲ. ಅವನು ಕೆಟ್ಟವನಾಗಿದ್ದರೆ ಅವಳು ಅಷ್ಟು ವರ್ಷ ಅವನ ಸಾಕ್ಷಿಯನ್ನು ಕಾಪಾಡುತ್ತಿರಲಿಲ್ಲ. ಆ ಮಾತು ಬಾಯಿವರೆಗೆ ಬಂತು, ಹೇಳಿದರೆ ಅದೂ ಅವಳ ಮಾತನ್ನೇ ಅವನಿಗೆ ಒಪ್ಪಿಸಿದ ಹಾಗೆ.  ಸಾರ್ ಅವನ ಎದುರಿಗೇ ಅವನ ಮಾತನ್ನು ಅಳಿಸಿದರು. ಇನ್ನು ಸಾಕ್ಷಿಗೆ ಬೇರೆಯವರನ್ನು ನೋಡಿಕೊಳ್ಳಲು ಫಾದರ್‌ಗೆ ಹೇಳಿಬಿಟ್ಟಿದ್ದೇನೆ, ಡಬ್ಬಿಯನ್ನೂ ವಾಪಸು ಕೊಟ್ಟೆ ಎಂದು ಹೇಳಿ ಅವನು ಎದ್ದ. ಬಾಗಿಲ ಚೌಕಟ್ಟು ಹಿಡಿದು ಒಂದು ಕ್ಷಣ ನಿಂತು, ಸರಿಯಾಗಿ ಹೆಜ್ಜೆ ಇಡಲು ಪ್ರಯತ್ನಿಸುತ್ತಾ ಮೆಟ್ಟಿಲಿಳಿದ.

ಶಾಲೆಯ ಗೇಟಿನ ಹತ್ತಿರ ಅವಳು ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದ್ದು ಅದಾದ ಕೆಲವು ದಿನಕ್ಕೆ. ಮುರಿದ ನಿಯಮವನ್ನು ಇನ್ನೊಮ್ಮೆ ಮುರಿಯಲು ಹೆಚ್ಚು ಯೋಚಿಸಲಿಲ್ಲ. ಹೇಗಿದ್ದೀಯಮ್ಮಾ ಎಂದೆ. ಮಾತಿನ ನಡುವೆ ಅವಳು ಉಸಿರು ತೆಗೆದುಕೊಳ್ಳುವುದು ಕೇಳಿಸುತ್ತಿತ್ತು.

"ಹೇಳಿದ ದಿನ ಒಂದು ಮಾತೂ ಬಯ್ಯಲಿಲ್ಲ ಅಕ್ಕಾ. ಊಟ ಮಾಡಿದ್ರು, ತಟ್ಟೆ ತೊಳೆದಿಟ್ರು. ಮಾರನೇ ದಿನ ಕುಡಿದು ಬಂದ್ರು. ಅವತ್ತಿಂದ ದಿನಾ."

"ನಿನ್ನ ತಂಟೆಗೆ ಬರ್ತಾರಾ?"

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು.

"ಈಗ ನೆವ ಏನೂ ಹೇಳಲ್ಲ ಅಕ್ಕಾ. ಬೇಡ, ನಂಗೆ ಆಗಲ್ಲ, ಸತ್ತೋಗ್ತೀನಿ ಅಂತ ಬಾಯಿಬಿಟ್ಟೇ ಹೇಳ್ತೀನಿ. ಕೇಳಿಸ್ಕೊಳ್ಳೋ ಸ್ಥಿತೀಲಿ ಅವರಿರಲ್ಲ."